ಆರನೆಯವನ ಸೆರೆಮನೆ: ‘ದಿ ಪ್ರಿಸನರ್’ ಕಥಾಮಾಲೆಯೂ ಪ್ರೇಕ್ಷಕರ ಊಹೆಗಳೂ

1967ನೆಯ ಇಸವಿ ಸೆಪ್ಟೆಂಬರ್ 29ರಂದು ಬ್ರಿಟನ್ನಿನಲ್ಲಿ ಪ್ರಸಾರಕ್ಕೆ ಮೊದಲಾಗಿ ಮರುವರ್ಷದ ಫೆಬ್ರವರಿ ತಿಂಗಳ ಆದಿಯಲ್ಲಿ ಮುಗಿದ ‘ದಿ ಪ್ರಿಸನರ್’ ಎಂಬ ಟೆಲಿವಿಷನ್ ಕಥಾಮಾಲೆಯಲ್ಲಿ ಇರುವುವು 17 ಕಂತುಗಳು ಮಾತ್ರ. ಒಂದೊಂದಕ್ಕೂ ಹಿಡಿಯುವ ಕಾಲ ಒಂದು ಗಂಟೆಗಿಂತ ಕಡಮೆ. ಇಷ್ಟು ಕಿರಿದಾದ ಮೂಲಕ್ಕೆ ಅರ್ಧಶತಮಾನಕ್ಕೂ ಮಿಕ್ಕ ಅವಧಿಯಲ್ಲಿ ಬೆಳೆದಿರುವ ವಿವರಣೆಗಳ ರಾಶಿಯನ್ನು ನೋಡಿದರೆ ಸೂತ್ರಗ್ರಂಥಗಳಿಗೆ ಹುಟ್ಟಿದ ಭಾಷ್ಯ, ವಾರ್ತಿಕ, ಟೀಕೆಗಳ ನೆನಪು ಬಾರದಿರದು. ಈ ವಿವರಣೆಗಳಲ್ಲಿ ಬಹುಭಾಗವನ್ನು ರಚಿಸಿದವರು ವಿಮರ್ಶಕರಲ್ಲ, ಪಂಡಿತರೂ ಅಲ್ಲ. ಕಥೆಯನ್ನು ಮರಳಿ ಮರಳಿ ನೋಡಿ, ಅದರ ಒಂದೊಂದು ಮಾತನ್ನೂ ತೂಗಿ, ಒಬ್ಬರೊಡನೊಬ್ಬರು ವಾದಿಸಿದ ಸಾಮಾನ್ಯ ಪ್ರೇಕ್ಷಕರು. 1977ರಲ್ಲಿ ಇಂಥವರು ಕೂಡಿ ‘ಸಿಕ್ಸ್ ಆಫ್ ಒನ್’ ಎಂಬ ಅಭಿಮಾನಿ ಸಂಘವನ್ನು ಸ್ಥಾಪಿಸಿಕೊಂಡರು. ಇವರ ಊಹೆಗಳು ಯಾವ ಯಾವ ಪ್ರಮಾಣಗಳನ್ನು ನೆಚ್ಚಿ ಹೊರಟುವು, ಆ ಪ್ರಮಾಣಗಳು ಎಲ್ಲಿಯವರೆಗೆ ನಿಲ್ಲುವುವು, ಎಲ್ಲಿ ಮುರಿದುಬೀಳುವುವು ಎಂಬುದು ವಿಚಾರಾರ್ಹವಾದ ವಿಷಯ. ಕೃತಿಯು ಬೇಕೆಂದೇ ಉತ್ತರವನ್ನು ತಡೆಹಿಡಿದಾಗ ಸಹೃದಯನಿಗೆ ಏನು ಮಾಡಲು ಅಧಿಕಾರವುಂಟು ಎಂಬ ಪ್ರಶ್ನೆ ಸಾಹಿತ್ಯವನ್ನು ಬೋಧಿಸುವವರಿಗೆ ಹೊಸದಲ್ಲ. ಆದರೆ ಅದು ಇಷ್ಟು ನಿಚ್ಚಳವಾಗಿ ಎದುರಾಗುವ ಸಂದರ್ಭಗಳು ಅಪೂರ್ವ.

ಕಥೆಯ ಹಂದರ ಸರಳವಾದುದು. ಲಂಡನ್ನಿನ ಒಂದು ಗುಪ್ತ ಕಾರ್ಯಾಲಯದಲ್ಲಿದ್ದ ಅಧಿಕಾರಿಯೊಬ್ಬನು ಸಿಟ್ಟಿನಿಂದ ತನ್ನ ಮೇಲಿನವನ ಮೇಜಿನ ಮೇಲೆ ರಾಜೀನಾಮೆಯ ಪತ್ರವನ್ನು ಅಪ್ಪಳಿಸಿ, ಮನೆಗೆ ಹಿಂದಿರುಗಿ, ಪ್ರಯಾಣಕ್ಕೆ ಗಂಟು ಕಟ್ಟುತ್ತಿರುವಾಗ ಬೀಗದ ಕಂಡಿಯಿಂದ ನುಗ್ಗಿದ ಅನಿಲವು ಅವನನ್ನು ಮೂರ್ಛೆಗೊಳಿಸುತ್ತದೆ. ಎಚ್ಚರವಾದಾಗ ಕೋಣೆಯೇನೋ ತನ್ನದರಂತೆಯೇ ಇದೆ. ಕಿಟಕಿಯ ಹೊರಗೆ ಮಾತ್ರ ಲಂಡನ್ ಇಲ್ಲ. ಅಲ್ಲಿರುವುದು ಬಣ್ಣಬಣ್ಣದ ಗೋಪುರಗಳೂ ಹೂದೋಟಗಳೂ ಮಂಗಳವಾದ್ಯದ ಮೇಳವೂ ಉಳ್ಳ, ಮೂರು ಕಡೆ ಬೆಟ್ಟ, ಒಂದು ಕಡೆ ಕಡಲು ಸುತ್ತಿದ ಒಂದು ಊರು. ಅದಕ್ಕೆ ‘ವಿಲೇಜ್’, ಎಂದರೆ ಗ್ರಾಮ ಎಂದಷ್ಟೇ ಹೆಸರು. ಅಲ್ಲಿ ಮನುಷ್ಯರಿಗೆ ನಾಮಧೇಯಗಳಿಲ್ಲ, ಸಂಖ್ಯೆಗಳುಂಟು. ನಾಯಕನು ಆರನೆಯವನು. ಊರನ್ನಾಳುವವನು ಎರಡನೆಯವನು; ಆ ಪದವಿಯಲ್ಲಿ ಕುಳಿತ ಮನುಷ್ಯನು ಹೆಚ್ಚು ಕಡಮೆ ಕಂತಿಗೊಬ್ಬನಂತೆ ಬದಲಾಗುತ್ತ ಹೋಗುವನು. ಅವನ ಮೇಲೆ ಒಂದನೆಯವನೊಬ್ಬನುಂಟೆಂದು ಕೇಳಬಹುದೇ ಹೊರತು ಅವನನ್ನು ಕಾಣುವಂತಿಲ್ಲ. ಆರನೆಯವನಿಂದ ಅವರಿಗೆ ಬೇಕಾದುದು ಒಂದೇ ಸಮಾಚಾರ: ಅವನು ಕೆಲಸವನ್ನೇಕೆ ಬಿಟ್ಟನು? ಅವನು ಹೇಳಲೊಲ್ಲನು. ಓಡಿಹೋಗಲು ಯತ್ನಿಸಿದರೆ ‘ರೋವರ್’ ಎಂಬ ದೊಡ್ಡದೊಂದು ಬಿಳಿಯ ಬುಗ್ಗೆ ಗರ್ಜಿಸುತ್ತ ಬೆನ್ನಟ್ಟಿ ಮುಖಕ್ಕೆ ಅಂಟಿಕೊಂಡು ಉಸಿರುಗಟ್ಟಿಸುವುದು. ಒಬ್ಬನ ಚಿತ್ತವನ್ನು ಇನ್ನೊಬ್ಬನ ದೇಹಕ್ಕೆ ಸಾಗಿಸುವ ಯಂತ್ರ, ಕನಸನ್ನು ಪರದೆಯ ಮೇಲೆ ಮೂಡಿಸುವ ಔಷಧ, ಕ್ಷಣಮಾತ್ರದಲ್ಲಿ ಮೂರು ವರ್ಷದ ಪಾಠವನ್ನು ತಲೆಗೆ ತುಂಬುವ ವಿದ್ಯೆ, ಇವುಗಳಿಂದಾಗಿ ಈ ಕಥೆ ವೈಜ್ಞಾನಿಕ ಕಲ್ಪನೆಯ ವರ್ಗಕ್ಕೆ ಸೇರಿತು. ಆದರೂ ಇದರ ಮುಖ್ಯ ವಸ್ತು ಯಂತ್ರವಲ್ಲ, ಸೆರೆ. ಸರಪಣಿ, ಸರಳುಗಳ ಬದಲು ಇಲ್ಲಿ ಉಪಚಾರವೇ ಕೋಳವಾಗಿದೆ.

ಇದನ್ನು ನಿರ್ಮಿಸಿದವರಲ್ಲಿ ಪ್ರಧಾನರು ನಾಯಕನ ಪಾತ್ರವನ್ನೂ ವಹಿಸಿದ ಪ್ಯಾಟ್ರಿಕ್ ಮೆಕ್‌ಗೂಹನ್ನರು. ಇವರೂ ಡೇವಿಡ್ ಟಾಂಬ್ಲಿನ್ನರೂ ಕೂಡಿ ನಡೆಸುತ್ತಿದ್ದ ‘ಎವೆರಿಮನ್ ಫಿಲ್ಮ್ಸ್’ ಸಂಸ್ಥೆಗೆ ಹಣವನ್ನೊದಗಿಸಿದವರು ಐ.ಟಿ.ಸಿ.ಯ ಲ್ಯೂ ಗ್ರೇಡರು. ಕಥೆಗಳ ಸಂಪಾದಕರಾಗಿ ಜಾರ್ಜ್ ಮಾರ್ಕ್‌ಸ್ಟೀನರಿದ್ದರು. ಊರಿನ ಹೊರದೃಶ್ಯಗಳನ್ನು ಉತ್ತರ ವೇಲ್ಸಿನ ಪೋರ್ಟ್‌ಮೇರಿಯನ್ ಎಂಬಲ್ಲಿ 1966ರ ಸೆಪ್ಟೆಂಬರಿನಿಂದ ಚಿತ್ರಿಸಿದರು. ವಾಸ್ತುಶಿಲ್ಪಿ ಕ್ಲಫ್ ವಿಲಿಯಮ್ಸ್-ಎಲ್ಲಿಸರು 1925ರಲ್ಲಿ ಆರಂಭಿಸಿ ಐವತ್ತು ವರ್ಷಗಳ ಕಾಲ ತಮ್ಮ ಮನಸ್ಸಿಗೆ ತೋರಿದಂತೆ ಕಟ್ಟಿದ ವಿಲಕ್ಷಣವಾದ ಊರು ಅದು. ಅದರ ಹೆಸರನ್ನು ಕಡೆಯ ಕಂತಿನವರೆಗೂ ಪ್ರೇಕ್ಷಕರಿಗೆ ತಿಳಿಸದೆ ಇಟ್ಟಿದ್ದರು. ಹೀಗೆ ‘ಈ ಊರು ಎಲ್ಲಿದೆ’ ಎಂಬ ಪ್ರಶ್ನೆ ಕಥೆಯ ಒಳಗೂ ಹೊರಗೂ ಏಕಕಾಲದಲ್ಲಿ ಹುಟ್ಟಿತು.

ಆ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳಬಹುದು. ಅದರಲ್ಲಿ ಪ್ರಮಾಣವಿಚಾರವು ಸ್ಫುಟವಾಗಿದೆ. ‘ದಿ ಚೈಮ್ಸ್ ಆಫ್ ಬಿಗ್ ಬೆನ್’ ಎಂಬ ಕಂತಿನಲ್ಲಿ ಹೊಸದಾಗಿ ಬಂದ ಸೆರೆಯಾಳು ನಾಡಿಯಾ ಎಂಬವಳು ಆ ಊರು ಬಾಲ್ಟಿಕ್ ತೀರದ ಲಿಥುವೇನಿಯದಲ್ಲಿದೆ, ಪೋಲೆಂಡಿನ ಗಡಿಗೆ ಬಹುದೂರವಿಲ್ಲ ಎನ್ನುತ್ತಾಳೆ. ಇದು ಶಬ್ದಪ್ರಮಾಣ. ಆದರೆ ಶಬ್ದವು ಪ್ರಮಾಣವಾಗಬೇಕಾದರೆ ನುಡಿದವರು ಆಪ್ತರಾಗಿರಬೇಕು. ನಾಡಿಯಾ ಆಪ್ತಳಲ್ಲವೆಂಬುದು ಅದೇ ಕಂತಿನ ಕಡೆಯಲ್ಲಿ ಬಯಲಾಗುತ್ತದೆ. ಅದನ್ನು ಬಯಲು ಮಾಡುವುದು ಆರನೆಯವನ ಅನುಮಾನಪ್ರಮಾಣ. ಪೆಟ್ಟಿಗೆಯೊಳಗೆ ಅಡಗಿ ಲಂಡನ್ ಸೇರಿದೆನೆಂದು ನಂಬಿ, ತನ್ನ ರಹಸ್ಯವನ್ನು ಹೇಳಲು ಬಾಯಿ ತೆರೆಯುವ ಹೊತ್ತಿಗೆ ಬಿಗ್ ಬೆನ್ ಎಂಟು ಗಂಟೆ ಹೊಡೆಯುವುದನ್ನು ಅವನು ಕೇಳುತ್ತಾನೆ. ಪೋಲೆಂಡಿನವನೆಂದು ಹೇಳಿಕೊಂಡವನು ಕೊಟ್ಟ ಕೈಗಡಿಯಾರದಲ್ಲಿಯೂ ಎಂಟೇ ಆಗಿದೆ. ಎರಡು ದೇಶಗಳ ಹೊತ್ತಿನಲ್ಲಿ ಒಂದು ಗಂಟೆಯ ಅಂತರವಿರಬೇಕಾಗಿತ್ತು. ಅಂತರವಿಲ್ಲವಾದ್ದರಿಂದ ಪ್ರಯಾಣವೇ ನಡೆದಿಲ್ಲ. ಬಾಗಿಲನ್ನು ತೆರೆದರೆ ಕಾಣುವುದು ಅದೇ ಗ್ರಾಮ. ‘ಮೆನಿ ಹ್ಯಾಪಿ ರಿಟರ್ನ್ಸ್’ ಕಂತಿನಲ್ಲಿ ಸಾಮಗ್ರಿ ಬೇರೆ ಬಗೆಯದು. ನಿರ್ಜನವಾದ ಊರನ್ನು ಬಿಟ್ಟು ತೆಪ್ಪದಲ್ಲಿ ಹೊರಟ ನಾಯಕನು 25 ದಿನಗಳ ಕಡಲಪಯಣದ ಲೆಕ್ಕವನ್ನು ಬರೆದಿಟ್ಟುಕೊಂಡಿರುತ್ತಾನೆ. ಲಂಡನ್ನಿನ ಅಧಿಕಾರಿಗಳು ವೇಗ, ಗಾಳಿ, ಪ್ರವಾಹಗಳನ್ನು ಗಣಿಸಿ ಆ ಸ್ಥಳವು ಸ್ಪೇನ್ ಪೋರ್ಚುಗಲ್ಲುಗಳಿಗೆ ನೈರುತ್ಯದಲ್ಲಿ, ಮೊರಾಕ್ಕೋ ಕರಾವಳಿಯ ಕಡೆ ಇರಬೇಕೆಂದು ಗೊತ್ತುಮಾಡುತ್ತಾರೆ. ವಿಮಾನದಲ್ಲಿ ಹುಡುಕಿದಾಗ ಊರೂ ಕಾಣಿಸುತ್ತದೆ. ಇದು ಸಿದ್ಧಾಂತವೆಂದು ನಿಶ್ಚಿಂತರಾಗಿದ್ದ ಪ್ರೇಕ್ಷಕರನ್ನು ಕಡೆಯ ಕಂತಾದ ‘ಫಾಲ್ ಔಟ್’ ಕೆಡಿಸಿತು. ಅದರಲ್ಲಿ ಸೆರೆಯಿಂದ ತಪ್ಪಿಸಿಕೊಂಡವರು ಒಂದು ಲಾರಿಯಲ್ಲಿ ಕುಳಿತು, ಸುರಂಗವನ್ನು ಭೇದಿಸಿ ಹೊರಬಿದ್ದು, ನೆಲದ ಮೇಲೆಯೇ ಲಂಡನ್ನಿಗೆ ಬಂದುಬಿಡುತ್ತಾರೆ. ಮೊರಾಕ್ಕೋವಿನಿಂದ ಲಂಡನ್ನಿಗೆ ಕಡಲನ್ನು ದಾಟದ ದಾರಿ ಯಾವುದು? ಗ್ರಾಮಗಳು ಹಲವುಂಟು ಎಂದರು ಕೆಲವರು; ಗಣಿಸಿದ ಅಧಿಕಾರಿಗಳೂ ಸೆರೆಮನೆಯವರ ಕೈಯವರೇ ಎಂದರು ಇನ್ನು ಕೆಲವರು. ಎರಡನೆಯ ಊಹೆಗೆ ಆ ಕಂತಿನಲ್ಲಿಯೇ ತಕ್ಕಮಟ್ಟಿಗೆ ಆಧಾರವುಂಟು, ವಿಮಾನದ ಚಾಲಕನ ವೇಷದಲ್ಲಿದ್ದವನು ನಾಯಕನನ್ನು ಗ್ರಾಮದ ಮೇಲೆ ಕೆಡಹುವುದರಿಂದ. ಮೊದಲನೆಯದಕ್ಕೆ ಅಷ್ಟೂ ಇಲ್ಲ. ಊಹೆಗಳಲ್ಲಿಯೂ ತರತಮಗಳುಂಟೆಂಬುದಕ್ಕೆ ಇದೊಂದು ನಿದರ್ಶನ.

ಆರನೆಯವನ ನಿಜನಾಮವೇನು ಎಂಬ ಚರ್ಚೆ ಇದಕ್ಕಿಂತ ಬಿಸಿಯಾದುದು. ಮೆಕ್‌ಗೂಹನ್ನರು 1960ರಲ್ಲಿ ಮೊದಲಾದ ‘ಡೇಂಜರ್ ಮ್ಯಾನ್’ ಎಂಬ ಮತ್ತೊಂದು ಕಥಾಮಾಲೆಯಲ್ಲಿ ಜಾನ್ ಡ್ರೇಕ್ ಎಂಬ ಗೂಢಚಾರನಾಗಿ ಅಭಿನಯಿಸಿ ಹೆಸರಾಗಿದ್ದರು. ರಾಜೀನಾಮೆ ಕೊಟ್ಟವನು ಈ ಡ್ರೇಕನೇ ಎಂದು ಮಾರ್ಕ್‌ಸ್ಟೀನರು ಸಾಧಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ರಹಸ್ಯಗಳನ್ನರಿತಿದ್ದು ಕೆಲಸಕ್ಕೊದಗದೆ ಹೋದ ಗೂಢಚಾರರನ್ನು ಸ್ಕಾಟ್ಲೆಂಡಿನ ಇನ್ವರ್‌ಲೇರ್ ಎಂಬಲ್ಲಿ ಒಂದು ಮನೆಯಲ್ಲಿ ಸುಖವಾಗಿ, ಆದರೆ ಹೊರಹೋಗದಂತೆ, ಇರಿಸಿದ್ದ ಸಂಗತಿಯೇ ಕಥೆಗೆ ಬೀಜವೆಂಬುದೂ ಅವರ ಹೇಳಿಕೆ. ಮೆಕ್‌ಗೂಹನ್ನರಾದರೋ ಆರನೆಯವನು ಡ್ರೇಕನಲ್ಲವೆಂದು ಕಡೆಯವರೆಗೂ ನಿರಾಕರಿಸಿದರು. ಕರ್ತೃಗಳಿಬ್ಬರ ಸಾಕ್ಷ್ಯಗಳು ಹೀಗೆ ಪರಸ್ಪರ ವಿರುದ್ಧವಾದಾಗ ಕೃತಿಯನ್ನೇ ಕೇಳಬೇಕಷ್ಟೆ. ಕೃತಿ ಹೇಳುವುದೇನು? ‘ಒನ್ಸ್ ಅಪಾನ್ ಎ ಟೈಮ್’ ಎಂಬ ಕಂತಿನಲ್ಲಿ ಶಾಲೆಯ ಉಪಾಧ್ಯಾಯನಂತೆ ನಟಿಸುವ ಎರಡನೆಯವನು ಆರನೆಯವನಿಗೆ ಬೆಳಗಿನ ವಿರಾಮದಲ್ಲಿ ತನ್ನನ್ನು ಕಾಣುವಂತೆ ಅಪ್ಪಣೆಮಾಡುತ್ತಾನೆ. ವಿರಾಮ ಎಂಬುದಕ್ಕೆ ಇಂಗ್ಲಿಷಿನ ಮಾತು ‘ಬ್ರೇಕ್’. ಕೆಲವರ ಕಿವಿಗೆ ಅದು ‘ಡ್ರೇಕ್’ ಎಂದು ಕೇಳಿತು! ಲಿಪಿಕಾರನ ಕೈತಪ್ಪಿನಿಂದ ಒಂದಕ್ಷರವು ಇನ್ನೊಂದಾಗಿ, ಅದರಿಂದ ಕವಿಯ ಮತವೇ ಬೇರೆಯಾದ ಪ್ರಸಂಗಗಳನ್ನು ತಾಳೆಯೋಲೆಗಳೊಡನೆ ಸೆಣಸಿದವರು ಬಲ್ಲರು. ಚಿತ್ರದ ಬರಹದಲ್ಲಿ ಇರುವುದು ‘ಬ್ರೇಕ್’ ಎಂಬುದೇ; ಸಂದರ್ಭಕ್ಕೊಪ್ಪುವುದೂ ಅದೇ. ಶ್ರವಣದೋಷದಿಂದ ಹುಟ್ಟಿದ ಪಾಠಾಂತರವೆಂದು ಇದನ್ನು ಕೈಬಿಡಬೇಕು.

‘ದಿ ಗರ್ಲ್ ಹೂ ವಾಸ್ ಡೆತ್’ ಕಂತಿನ ಸಾಕ್ಷ್ಯವನ್ನು ಅಷ್ಟು ಸುಲಭವಾಗಿ ಕೈಬಿಡಲಾಗದು. ಅದರಲ್ಲಿ ಪಾಟರ್ ಎಂಬ ಗೂಢಚಾರನು ನಾಯಕನಿಗೆ ನೆರವಾಗುವನು. ‘ಡೇಂಜರ್ ಮ್ಯಾನ್’ ಮಾಲೆಯ ‘ಕೊರೋಷಿ’ ಎಂಬ ಕಂತಿನಲ್ಲಿಯೂ ಪಾಟರ್ ಎಂಬವನೊಬ್ಬನುಂಟು. ಎರಡರಲ್ಲಿಯೂ ನಟರು ಕ್ರಿಸ್ಟೋಫರ್ ಬೆಂಜಮಿನ್ನರೇ. ಹೆಸರೊಂದು, ಮುಖವೊಂದು, ವೃತ್ತಿಯೊಂದು. ಇಷ್ಟಾದರೂ ಒಂದು ತೊಡಕುಂಟು. ಆ ಕಂತಿನ ಕಥೆಯೆಲ್ಲವೂ ಆರನೆಯವನು ಗ್ರಾಮದ ಮಕ್ಕಳಿಗೆ ಮಲಗುವ ಹೊತ್ತಿನಲ್ಲಿ ಹೇಳಿದ ಕಟ್ಟುಕಥೆಯೆಂದು ಕೊನೆಯಲ್ಲಿ ತಿಳಿಯುತ್ತದೆ. ಮಕ್ಕಳೆದುರಿಗಾದರೂ ಅವನು ಮೈಮರೆತು ನಿಜವನ್ನಾಡಿಯಾನೆಂದು ಎರಡನೆಯವನು ಮರೆಯಲ್ಲಿ ಕಿವಿಗೊಟ್ಟು ಕುಳಿತಿರುತ್ತಾನೆ. ಪಾಟರನು ಆರನೆಯವನ ನೆನಪಿನವನೋ, ಕಲ್ಪನೆಯವನೋ? ಪ್ರೇಕ್ಷಕನೂ ಆ ಎರಡನೆಯವನ ಪಕ್ಕದಲ್ಲಿ ಕುಳಿತು ಅದನ್ನೇ ಕೇಳಿಕೊಳ್ಳುವಂತಾಗಿದೆ. 1969ರಲ್ಲಿ ಹೊರಬಿದ್ದ ಕಾದಂಬರಿಗಳಲ್ಲಿ ಡೇವಿಡ್ ಮೆಕ್‌ಡೇನಿಯಲ್ಲರದು ನಾಯಕನನ್ನು ಡ್ರೇಕನೆಂದೇ ಕರೆಯಿತೆಂಬುದು ಅಭಿಮಾನಿಗಳಲ್ಲಿ ಒಂದು ಪಕ್ಷದವರಿಗೆ ಬಲವನ್ನು ಕೊಟ್ಟಿತು; ಆದರೆ ಬೇರೊಬ್ಬರ ಉತ್ತರಕಾಂಡದಿಂದ ಪೂರ್ವಕವಿಯ ಅಭಿಪ್ರಾಯವನ್ನು ಸಾಧಿಸುವುದು ನ್ಯಾಯವಲ್ಲ. ಒಟ್ಟಿನಲ್ಲಿ ಹೇಳುವುದಾದರೆ, ಕೃತಿಯಲ್ಲಿ ನಾಯಕನಿಗೆ ಹೆಸರಿಲ್ಲ. ಹುಟ್ಟಿದ ದಿನ ಮಾತ್ರ ಉಂಟು: 1928ನೆಯ ಇಸವಿ ಮಾರ್ಚ್ 19. ಅದು ಮೆಕ್‌ಗೂಹನ್ನರ ಸ್ವಂತ ಜನ್ಮದಿನ. ಹೆಸರನ್ನು ಹುಡುಕುವವರಿಗೆ ಕವಿಯು ತೋರಿದ ದಿಕ್ಕು ಡ್ರೇಕನಲ್ಲ, ತಾನೇ ಎಂಬುದಕ್ಕೆ ಇದಕ್ಕಿಂತ ಬಲವಾದ ಆಧಾರ ದೊರೆಯದು.

ಕಂತುಗಳ ಅನುಕ್ರಮದ ವಿವಾದವು ಗ್ರಂಥಸಂಪಾದನೆಯ ಶಾಸ್ತ್ರಕ್ಕೆ ತೀರ ಸಮೀಪವಾದುದು. ಚಿತ್ರಿಸಿದ ಕ್ರಮ ಒಂದು, ಪ್ರಸಾರವಾದ ಕ್ರಮ ಇನ್ನೊಂದು. ಮೊದಲ ಕಂತೂ ಕಡೆಯ ಎರಡೂ ನಿಶ್ಚಿತ. ನಡುವಿನವನ್ನು ಹೇಗೆ ಜೋಡಿಸಬೇಕೆಂಬುದರಲ್ಲಿ ಅಭಿಮಾನಿಗಳಲ್ಲಿ ಒಮ್ಮತವಾಗಿಲ್ಲ. ‘ಡಾನ್ಸ್ ಆಫ್ ದಿ ಡೆಡ್’ ಬ್ರಿಟನ್ನಿನಲ್ಲಿ ತೋರಿಸಿದ್ದು ಎಂಟನೆಯದಾಗಿ. ಆದರೆ ಅದರಲ್ಲಿ ನಾಯಕನು ತಾನು ಈ ಊರಿಗೆ ಹೊಸಬನೆಂದು ಹೇಳಿಕೊಳ್ಳುತ್ತಾನೆ. ಚಿತ್ರಣದ ಕ್ರಮದಲ್ಲಿ ಅದು ನಾಲ್ಕನೆಯದು. ಒಳಸಾಕ್ಷ್ಯವೂ ಹೊರಸಾಕ್ಷ್ಯವೂ ಇಲ್ಲಿ ಕೂಡಿಬಂದುವು. ಅದನ್ನು ಮುಂದಕ್ಕೆ ತರಬೇಕೆಂಬುದರಲ್ಲಿ ಬಹುಮಂದಿಗೆ ಸಂಶಯವಿಲ್ಲ. ಮತ್ತೊಂದು ನಿದರ್ಶನ ಇದಕ್ಕಿಂತ ಸೊಗಸಾದುದು. ಕಾಲಿನ್ ಗಾರ್ಡನ್ನರು ‘ಎ. ಬಿ. ಆಂಡ್ ಸಿ.’ ಮತ್ತು ‘ದಿ ಜನರಲ್’ ಎಂಬ ಎರಡು ಕಂತುಗಳಲ್ಲಿ ಎರಡನೆಯವನಾಗಿದ್ದಾರೆ. ಮೊದಲನೆಯದು ಪ್ರಸಾರದಲ್ಲಿ ಮೂರನೆಯದು, ಎರಡನೆಯದು ಆರನೆಯದು. ಬಹುತೇಕ ಕಂತುಗಳ ಆದಿಯಲ್ಲಿ ಬರುವ ಪ್ರಶ್ನೋತ್ತರದಲ್ಲಿ ಎರಡನೆಯವನು ಸಾಮಾನ್ಯವಾಗಿ ತನ್ನನ್ನು ಹೊಸ ಎರಡನೆಯವನೆಂದು ತಿಳಿಸುವುದು ವಾಡಿಕೆ. ‘ಎ. ಬಿ. ಆಂಡ್ ಸಿ.’ಯಲ್ಲಿ ಮಾತ್ರ ‘ಹೊಸ’ ಎಂಬ ವಿಶೇಷಣ ಬಿದ್ದುಹೋಗಿದೆ. ಅಲ್ಲದೆ ಅಲ್ಲಿ ಅವನು ಹಾಲು ಕುಡಿಯುತ್ತ, ದೂರವಾಣಿಯ ಗಂಟೆಗೆ ಬೆಚ್ಚುತ್ತ, ಇನ್ನೊಂದು ಸಲ ಸೋತರೆ ಉಳಿಗಾಲವಿಲ್ಲವೆಂಬ ಭಯದಿಂದ ನಡುಗುತ್ತಿದ್ದಾನೆ. ಮೊದಲ ಸೋಲು ಯಾವುದು? ‘ದಿ ಜನರಲ್’ ಕಂತಿನದು. ಹೀಗೆ ಒಂದು ವಿಶೇಷಣದ ಲೋಪದಿಂದಲೂ ಒಬ್ಬನ ಮುಖದ ದೈನ್ಯದಿಂದಲೂ ಎರಡು ಕಂತುಗಳ ಪೌರ್ವಾಪರ್ಯವನ್ನು ತಿರುಗಿಸಿದವರು ಯಾವ ವಿದ್ಯಾಪೀಠದಲ್ಲಿಯೂ ಪಾಠವಿಮರ್ಶೆಯನ್ನು ಓದಿದವರಲ್ಲ. ಪಂಡಿತರು ಇದನ್ನು ಕಂಡು ಸಂತೋಷಪಡಬೇಕು. ಎರಡು ಕಂತುಗಳಿಗೆ ಪ್ರಸಾರವಾದುದಕ್ಕಿಂತ ಭಿನ್ನವಾದ ಪ್ರತಿಗಳೂ ಮುಂದೆ ದೊರೆತುವು. ಪಾಠಾಂತರಗಳ ಚರ್ಚೆಗೆ ಅವು ಮತ್ತಷ್ಟು ಸಾಮಗ್ರಿಯನ್ನು ಒದಗಿಸಿದುವು.

ಒಂದನೆಯವನು ಯಾರು? ಮೇಲೆ ಹೇಳಿದ ಪ್ರಶ್ನೋತ್ತರದಲ್ಲಿಯೇ ಇದಕ್ಕೆ ಉತ್ತರ ಅಡಗಿದೆಯೆಂಬುದು ಅಭಿಮಾನಿಗಳ ಊಹೆಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದುದು. ಒಂದನೆಯವನು ಯಾರೆಂದು ಸೆರೆಯಾಳು ಕೇಳುತ್ತಾನೆ. ಅದಕ್ಕುತ್ತರವಾಗಿ ನೀನು ಆರನೆಯವನು ಎಂಬರ್ಥದ ಮಾತು ಬರುತ್ತದೆ. ಮೇಲುನೋಟಕ್ಕೆ ಇದು ಪ್ರಶ್ನೆಯನ್ನು ತಪ್ಪಿಸಿಕೊಳ್ಳುವ ಉತ್ತರ. ಆದರೆ ಆ ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದದ ಮುಂದೆ ಒಂದು ಅಲ್ಪವಿರಾಮವನ್ನಿಟ್ಟು ಓದಿದರೆ ‘ಆರನೆಯವನು’ ಎಂಬುದು ವಿಧೇಯವಾಗದೆ ಸಂಬೋಧನೆಯಾಗುತ್ತದೆ: ಆ ಒಂದನೆಯವನು ನೀನೇ, ಎಲೈ ಆರನೆಯವನೇ! ಕನ್ನಡದಲ್ಲಿ ಈ ಶ್ಲೇಷ ಸಾಧ್ಯವಿಲ್ಲ; ಸಂಬೋಧನೆಗೆ ಬೇರೆ ರೂಪವುಂಟಾದ್ದರಿಂದ ‘ಆರನೆಯವನು’, ‘ಆರನೆಯವನೇ’ ಎಂಬೆರಡನ್ನು ಯಾರೂ ಒಂದೆಂದು ತಿಳಿಯರು. ವಿಭಕ್ತಿಗಳನ್ನು ಕಳೆದುಕೊಂಡ ಇಂಗ್ಲಿಷಿನಲ್ಲಿ ಮಾತ್ರ ಇಂಥ ಸಂದಿಗ್ಧಕ್ಕೆ ಅವಕಾಶ. ಭಾರತೀಯ ಆಲಂಕಾರಿಕರು ಇದನ್ನು ಕೂಡಲೇ ಗುರುತಿಸುತ್ತಿದ್ದರು. ರುದ್ರಟನು ವಕ್ರೋಕ್ತಿಯನ್ನು ಶ್ಲೇಷವಕ್ರೋಕ್ತಿ, ಕಾಕುವಕ್ರೋಕ್ತಿ ಎಂದು ಇಬ್ಬಗೆಯಾಗಿ ವಿಂಗಡಿಸಿದನು. ಕಾಕುವೆಂಬುದು ಉಚ್ಚಾರಣೆಯ ಭಂಗಿಯಿಂದ ಅರ್ಥವು ಬೇರೆಯಾಗುವ ಬಗೆ. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಇದನ್ನೊಪ್ಪದೆ, ಕಾಕುವು ಪಾಠಧರ್ಮ, ಎಂದರೆ ಓದುವವನ ರೀತಿಗೆ ಸೇರಿದ್ದು, ಅದು ಅಲಂಕಾರ ಹೇಗಾದೀತು ಎಂದು ಆಕ್ಷೇಪಿಸಿದನು.

ಆ ಇಬ್ಬರ ವಿವಾದವೇ ಈ ಅಭಿಮಾನಿಗಳಲ್ಲಿ ಮರುಹುಟ್ಟು ಪಡೆದಂತೆ ತೋರುತ್ತದೆ. ಆದಿಯ ಪ್ರಶ್ನೋತ್ತರದಲ್ಲಿ ಎರಡನೆಯವನ ಧ್ವನಿ ಹಲವು ಕಂತುಗಳಲ್ಲಿ ಆಯಾ ನಟರದಲ್ಲ; ರಾಬರ್ಟ್ ರಿಯೆಟ್ಟಿಯವರದು. ಆ ಧ್ವನಿಯಲ್ಲಿ ಬೇಕಾದ ನಿಲುಗಡೆ ಇದೆಯೆನ್ನುವವರೂ ಇಲ್ಲವೆನ್ನುವವರೂ ಉಂಟು. ಒಂದೇ ಧ್ವನಿಮುದ್ರಿಕೆಯನ್ನು ಕೇಳಿ ಎರಡು ಪಕ್ಷದವರೂ ತಮ್ಮ ತಮ್ಮ ಕಿವಿಗಳನ್ನೇ ಸಾಕ್ಷಿಗೆ ಕರೆಯುತ್ತಾರೆ. ನಿಲುಗಡೆ ಇಲ್ಲದಿದ್ದರೂ ಅರ್ಥವು ಶಕ್ಯವೆಂಬುದಷ್ಟೇ ಸಾಕು ಎಂಬುದು ಮೂರನೆಯ ಪಕ್ಷ. ಸರಿಯಾದುದೂ ಅದೇ ಎನ್ನಬೇಕು. ಏಕೆಂದರೆ ‘ಫಾಲ್ ಔಟ್’ ಕಂತಿನಲ್ಲಿ ಆರನೆಯವನು ಕಡೆಗೂ ಒಂದನೆಯವನನ್ನು ಸಂಧಿಸಿ ಅವನ ಮುಖವಾಡವನ್ನು ಕೀಳುತ್ತಾನೆ. ಅದರ ಕೆಳಗೆ ಇನ್ನೊಂದು ಮುಖವಾಡ, ಮರ್ಕಟದ್ದು. ಅದನ್ನೂ ಕಿತ್ತರೆ ಹುಚ್ಚುನಗೆ ನಗುವ ತನ್ನದೇ ಮುಖ! ಹಲವು ಕಂತುಗಳ ಕಾಲ ಕೇಳಿದ ವಾಕ್ಯಕ್ಕೆ ಹಿಂದಿನಿಂದ ಹೊಸ ಅರ್ಥವೊಂದು ಬಂದು ಕೂಡಿಕೊಳ್ಳುವುದು ಆಗ. ಅದು ಮೊದಲಿನಿಂದ ಉದ್ದೇಶಿಸಿದುದೋ, ಕಾಕತಾಳೀಯವೋ ಎಂಬುದು ಕೃತಿಯ ಹೊರಗಿನ ಪ್ರಶ್ನೆ. ಮೆಕ್‌ಗೂಹನ್ನರು ತಾವು ಮೊದಲು ಬಯಸಿದ್ದುದು ಏಳೇ ಕಂತುಗಳೆಂದು ಹೇಳಿದ್ದರು. ಅಮೆರಿಕದ ಮಾರಾಟಕ್ಕೆ ಹೆಚ್ಚು ಕಂತುಗಳು ಬೇಕಾಗಿದ್ದುವು. ಹಗ್ಗಜಗ್ಗಾಟದಲ್ಲಿ 17ಕ್ಕೆ ನಿಂತಿತು. ಮಾರ್ಕ್‌ಸ್ಟೀನರು ನಡುವೆಯೇ ಬಿಟ್ಟುಹೋದರು. ಕಡೆಯ ಎರಡು ಕಂತುಗಳ ಚಿತ್ರಣಗಳ ನಡುವೆ ಅನೇಕ ತಿಂಗಳುಗಳು ಕಳೆದುಹೋದುದರಿಂದ, ಎರಡನೆಯವನಾಗಿದ್ದ ಲಿಯೋ ಮೆಕರ್ನರ ಗಡ್ಡವೂ ಕೇಶವೂ ಮಾಯವಾಗಿದ್ದುವು. ಸತ್ತವನನ್ನು ಬದುಕಿಸುವಾಗ ಕ್ಷೌರವನ್ನೂ ಮಾಡಿಸಿದಂತೆ ತೋರಿಸಿ ಅದನ್ನು ಕಥೆಯೊಳಗೇ ಸೇರಿಸಿಕೊಂಡರು. ಆ ಕ್ಷೌರಕ್ಕೆ ಗೂಢಾರ್ಥವನ್ನು ಕಲ್ಪಿಸಿದ ವ್ಯಾಖ್ಯಾನಕಾರರಿಲ್ಲದೆ ಇಲ್ಲ.

ಈ ಬಗೆಯ ಅತಿವ್ಯಾಖ್ಯಾನವನ್ನು ಕುರಿತು ಕೃತಿಯೇ ಒಂದು ಕಂತಿನಲ್ಲಿ ವಿಡಂಬನೆ ಮಾಡಿರುವುದು ಅನೇಕರ ಗಮನಕ್ಕೆ ತಕ್ಕಷ್ಟು ಬಂದಂತಿಲ್ಲ. ‘ಹ್ಯಾಮರ್ ಇಂಟು ಆನ್ವಿಲ್’ ಎಂಬುದರಲ್ಲಿ ಕ್ರೂರನಾದ ಎರಡನೆಯವನನ್ನು ಸೋಲಿಸಲು ನಾಯಕನು ಹೂಡುವ ಉಪಾಯ ಅತಿ ವಿಚಿತ್ರವಾದುದು: ಅವನು ಅರ್ಥವಿಲ್ಲದ ಕೆಲಸಗಳನ್ನು ಅರ್ಥವಿರುವಂತೆ ಮಾಡುತ್ತ ಹೋಗುತ್ತಾನೆ. ಅಂಗಡಿಯಲ್ಲಿ ಬಿಜೆಯ ಒಂದೇ ಸಂಗೀತದ ಹಲವು ಮುದ್ರಿಕೆಗಳನ್ನು ಗಡಿಯಾರ ಹಿಡಿದು ಕೇಳಿ ಏನೋ ಗುರುತು ಹಾಕಿಕೊಳ್ಳುತ್ತಾನೆ. ಕಾಗದಗಳನ್ನು ಕಲ್ಲಿನ ದೋಣಿಯಲ್ಲಿ ಬಚ್ಚಿಡುತ್ತಾನೆ. ತೆಗೆಯಿಸಿ ನೋಡಿದರೆ ಖಾಲಿ ಹಾಳೆಗಳು, ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರೂ ಖಾಲಿ. ಪಾರಿವಾಳದ ಕಾಲಿಗೆ ಕಟ್ಟಿದ ಚೀಟಿಯ ಗೂಢಲಿಪಿಯನ್ನು ಬಿಡಿಸಿ, ಹೊಳಪಿನ ಸಂಕೇತಗಳನ್ನು ಓದಿ, ಶಿಶುಗೀತದ ಸಾಲು ಸಿಕ್ಕಾಗ ಅದರೊಳಗೆ ಇನ್ನೊಂದು ಗೂಢವಿರಬೇಕೆಂದು ಎರಡನೆಯವನು ತಲೆಕೆಡಿಸಿಕೊಳ್ಳುತ್ತಾನೆ. ಖಾಲಿ ಹಾಳೆಯೇ ಅವನಿಗೆ ಭಯಂಕರವಾದ ಲೇಖನ. ಕಟ್ಟಕಡೆಗೆ ತನ್ನ ಜನರನ್ನೆಲ್ಲ ಶಂಕಿಸಿ, ಒಬ್ಬಂಟಿಯಾಗಿ, ತನ್ನ ಅಸಾಮರ್ಥ್ಯವನ್ನು ತಾನೇ ಮೇಲಿನವರಿಗೆ ವರದಿಮಾಡುವ ಸ್ಥಿತಿಗೆ ಇಳಿಯುತ್ತಾನೆ. ಪ್ರತಿಯೊಂದರಲ್ಲಿಯೂ ಅರ್ಥವಿದ್ದೇ ತೀರಬೇಕೆಂಬ ಓದುಗನ ಚಿತ್ರ ಇದಕ್ಕಿಂತ ನಿಷ್ಠುರವಾಗಿ ಮೂಡುವುದು ವಿರಳ.

ಇಲ್ಲಿಂದ ಒಂದು ಕಠಿನವಾದ ಪ್ರಶ್ನೆ ಏಳುತ್ತದೆ. ಅಭಿಮಾನಿಗಳು ಅತ್ಯಾದರದಿಂದ ಚರ್ಚಿಸಿರುವ ವಿಷಯಗಳಲ್ಲಿ ಮೊದಲನೆಯದು ಆರನೆಯವನು ಕೆಲಸವನ್ನೇಕೆ ಬಿಟ್ಟನೆಂಬುದು. ಅದು ಸೆರೆಮನೆಯವರ ಪ್ರಶ್ನೆ. ಹದಿನೇಳು ಕಂತುಗಳ ಉದ್ದಕ್ಕೂ ಔಷಧದಿಂದ, ವಂಚನೆಯಿಂದ, ಸ್ನೇಹದಿಂದ, ಚುನಾವಣೆಯ ಆಟದಿಂದ ಅವನ ಬಾಯಿಂದ ಹೊರಡಿಸಲು ಅವರು ಹೆಣಗುವುದು ಅದೊಂದು ಉತ್ತರವನ್ನು. ಪ್ರೇಕ್ಷಕನ ಸಹಾನುಭೂತಿಯೆಲ್ಲ ಸೆರೆಯಾಳಿನ ಕಡೆಗೆ. ಅವನ ಕುತೂಹಲ ಮಾತ್ರ ಸೆರೆಗಾರರ ಕಡೆಗೆ. ಈ ದ್ವೈಧವನ್ನು ಕರ್ತೃಗಳು ತಿಳಿದೇ ಹೂಡಿದರೆಂದು ಹೇಳಲು ಆಧಾರವೂ ಉಂಟು: ಒಂದು ಕಂತಿನಲ್ಲ, ಹಲವು ಕಂತುಗಳಲ್ಲಿ ನಿಯಂತ್ರಣಶಾಲೆಯ ದೊಡ್ಡ ಪರದೆಯ ಮೇಲೆ ಆರನೆಯವನನ್ನು ನೋಡುತ್ತ ಕುಳಿತವರ ಬೆನ್ನ ಹಿಂದಿನಿಂದ ಪ್ರೇಕ್ಷಕನೂ ಅದೇ ಚಿತ್ರವನ್ನು ನೋಡುವಂತೆ ದೃಶ್ಯಗಳನ್ನು ಜೋಡಿಸಿದೆ. ಅವನು ಆಡಿದ ಎರಡು ತುಣುಕು ಮಾತುಗಳು ದೊರೆತಿವೆ. ‘ದಿ ಚೈಮ್ಸ್ ಆಫ್ ಬಿಗ್ ಬೆನ್’ನಲ್ಲಿ ಅದು ಅಂತಃಸಾಕ್ಷಿಯ ವಿಷಯವಾಗಿತ್ತೆಂದೂ, ‘ಒನ್ಸ್ ಅಪಾನ್ ಎ ಟೈಮ್’ನಲ್ಲಿ ಮನಶ್ಶಾಂತಿಗಾಗಿ ಬಿಟ್ಟೆನೆಂದೂ ಅವನು ನುಡಿಯುತ್ತಾನೆ. ಇವೆರಡನ್ನೂ ಕೇಳಿದ ಸೆರೆಗಾರರು ತೃಪ್ತರಾಗಲಿಲ್ಲ, ಇನ್ನೇನೋ ಇರಬೇಕೆಂದರು. ಅಭಿಮಾನಿಗಳೂ ಹಾಗೆಯೇ ಅಂದರು. ಶತ್ರುಪಕ್ಷವನ್ನು ಸೇರಲು ಹೊರಟಿದ್ದನೆಂದೂ, ಗ್ರಾಮವನ್ನು ಕಲ್ಪಿಸಿದವನು ಅವನೇ ಆಗಿದ್ದು ಅದು ಕಾರ್ಯಗತವಾದುದನ್ನು ಕಂಡು ಹೇಸಿ ಬಿಟ್ಟನೆಂದೂ ಬಗೆಬಗೆಯಾಗಿ ಊಹಿಸಿದರು. ಎರಡನೆಯ ಊಹೆ ಕಡೆಯ ಕಂತಿನ ಮುಖವಾಡದೊಡನೆ ಚೆನ್ನಾಗಿ ಹೊಂದುವುದಾದರೂ, ನುಡಿದವನು ನಿಜವನ್ನೇ ನುಡಿದಿರಬಹುದೆಂಬ ಸರಳ ಸಾಧ್ಯತೆಯನ್ನು ಎಣಿಕೆಗೆ ತಂದುಕೊಂಡವರು ಕೆಲವರೇ. ಮನಸ್ಸಾಕ್ಷಿಗಾಗಿ ಒಬ್ಬನು ಪದವಿಯನ್ನು ಬಿಟ್ಟನೆಂದರೆ ಅದು ಗುಪ್ತಚಾರ ಶಾಖೆಗೆ ನಂಬಲಾಗದ ಮಾತು. ಪ್ರೇಕ್ಷಕರಿಗೂ ನಂಬಲಾಗದೆ ಹೋದುದು ಸ್ವಲ್ಪ ಯೋಚಿಸಬೇಕಾದ ಸಂಗತಿ.

ಕಡೆಯ ಕಂತು ಪ್ರಸಾರವಾದಾಗ ಬ್ರಿಟನ್ನಿನ ಪ್ರೇಕ್ಷಕರಲ್ಲಿ ಬಹುಮಂದಿ ಕೆರಳಿದರು. ತಮಗೆ ಬಾಕಿಯಿದ್ದ ಉತ್ತರವನ್ನು ಕೊಡದೆ ಒಗಟಿನ ಮೇಲೆ ಒಗಟನ್ನು ಹೇರಿದರೆಂಬುದು ಅವರ ದೂರು. ಕೆಲಕಾಲ ಜನರ ಕಣ್ಣಿಗೆ ಬೀಳದಂತೆ ಇರಬೇಕಾಯಿತೆಂದು ಮೆಕ್‌ಗೂಹನ್ನರು ಮುಂದೆ ಹೇಳಿದ್ದುಂಟು. 1977ರಲ್ಲಿ ಕೆನಡದ ಆಂಟೇರಿಯೋ ಪ್ರಾಂತದ ಶಿಕ್ಷಣ ಪ್ರಸಾರಕ್ಕಾಗಿ ವಾರ್ನರ್ ಟ್ರಾಯರರು ಅವರನ್ನು ಸಂದರ್ಶಿಸಿದಾಗ, ಒಂದನೆಯವನೆಂದರೆ ಮನುಷ್ಯನೊಳಗಿನ ಕೇಡೇ ಎಂಬರ್ಥದ ವಿವರಣೆಯನ್ನು ಅವರು ಕೊಟ್ಟರು. ಅದನ್ನು ಸ್ವೀಕರಿಸಿದವರೂ ಉಂಟು. ಕವಿಯ ವಿವರಣೆಯೂ ಹಲವು ವಿವರಣೆಗಳಲ್ಲಿ ಒಂದೇ ಎಂದವರೂ ಉಂಟು. 1988ರಲ್ಲಿ ಹೊರಡಲಾರಂಭಿಸಿದ ‘ಶ್ಯಾಟರ್ಡ್ ವಿಸೇಜ್’ ಎಂಬ ಚಿತ್ರಕಥೆ ಆ ಕಡೆಯ ಕಂತನ್ನೆಲ್ಲ ಔಷಧಪ್ರಯೋಗದಿಂದಾದ ಭ್ರಮೆಯೆಂದು ತಳ್ಳಿಹಾಕಿ ಬೇರೆ ಕಥೆಯನ್ನು ಬೆಳೆಯಿಸಿತು. ಬಗೆಹರಿಯದುದನ್ನೆಲ್ಲ ಸ್ವಪ್ನವೆನ್ನುವುದು ಸುಲಭವಾದ ದಾರಿ. ವ್ಯಾಖ್ಯಾನಕಾರನ ಸೋಲನ್ನು ಕವಿಯ ತಲೆಗೆ ಕಟ್ಟಿದಂತಾಗುವುದರಿಂದ ಅದು ಮೆಚ್ಚತಕ್ಕದ್ದಲ್ಲ. 2009ರಲ್ಲಿ ಆರು ಕಂತುಗಳಾಗಿ ಹೊಸದಾಗಿ ಬಂದ ಮಾಲೆಯನ್ನು ಇಲ್ಲಿ ಗಣಿಸಬೇಕಾಗಿಲ್ಲ. ಅದರಲ್ಲಿ ಉತ್ತರಗಳಿದ್ದುವು, ಆದಕಾರಣವೇ ಅದರ ಮೇಲೆ ಊಹೆಗಳು ಬೆಳೆಯಲಿಲ್ಲ.

ಮೀಮಾಂಸಕರು ಒಂದು ಪ್ರಕರಣದ ತಾತ್ಪರ್ಯವನ್ನು ನಿರ್ಣಯಿಸಲು ಹೇಳಿರುವ ಲಿಂಗಗಳಲ್ಲಿ ಮೊದಲನೆಯದು ಉಪಕ್ರಮ ಉಪಸಂಹಾರಗಳ ಐಕರೂಪ್ಯ. ‘ದಿ ಪ್ರಿಸನರ್’ ಮಾಲೆಗೆ ಇದನ್ನು ಅನ್ವಯಿಸಿ ನೋಡಿದ ಅಭಿಮಾನಿಗಳು, ಲಕ್ಷಣದ ಹೆಸರನ್ನು ತಿಳಿಯದಿದ್ದರೂ, ಒಂದು ಮುಖ್ಯವಾದ ಸಂಗತಿಯನ್ನು ಕಂಡುಹಿಡಿದರು. ಮೊದಲ ಕಂತಿನ ಮೊದಲ ದೃಶ್ಯದಲ್ಲಿ ಮೋಡ ಕವಿದ ಬಯಲಿನ ರಸ್ತೆಯಲ್ಲಿ ನಾಯಕನು ತನ್ನ ಲೋಟಸ್ ಕಾರನ್ನು ನಡೆಸುತ್ತ ಎದುರಿಗೆ ಬರುತ್ತಾನೆ. ಕಡೆಯ ಕಂತಿನ ಕಡೆಯ ದೃಶ್ಯವೂ ಅದೇ. ಅದಕ್ಕೆ ತುಸು ಮುಂಚೆ ಅವನು ಲಂಡನ್ನಿನ ತನ್ನ ಮನೆಯನ್ನು ಸೇರಿದ್ದಾನೆ. ಜೊತೆಗೆ ಗ್ರಾಮದ ಮೂಕ ಬಟ್ಲರನು. ಬಟ್ಲರನು ಮೆಟ್ಟಲೇರಿ ಹೋದಾಗ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ, ಗ್ರಾಮದ ಬಾಗಿಲುಗಳು ತೆರೆದುಕೊಳ್ಳುತ್ತಿದ್ದ ಅದೇ ಗುಂಯ್‌ಗುಡುವ ಸದ್ದಿನೊಡನೆ. ಆ ಬಾಗಿಲಿನ ಮೇಲೆ ಬರೆದಿರುವ ಸಂಖ್ಯೆ 1. ಅನಂತರ ನಟರ ಹೆಸರುಗಳು ಮೂಡುವಾಗ ಲಿಯೋ ಮೆಕರ್ನ್, ಅಲೆಕ್ಸಿಸ್ ಕ್ಯಾನರ್, ಏಂಜೆಲೋ ಮಸ್ಕಾಟ್ ಎಂದು ಒಬ್ಬೊಬ್ಬರ ಮೇಲೂ ಅವರವರ ಹೆಸರು ಬರುತ್ತದೆ. ಮೆಕ್‌ಗೂಹನ್ನರು ಕಾರಿನಲ್ಲಿ ಸಾಗುವ ಚಿತ್ರದ ಮೇಲೆ ಮಾತ್ರ ಹೆಸರಿಲ್ಲ. ‘ಪ್ರಿಸನರ್’ ಎಂದಷ್ಟೇ ಇದೆ.